ಕಾರಿನ ಆಯಿಲ್ ಫಿಲ್ಟರನ್ನು ಸರಿಯಾಗಿ ಕೂರಿಸಿ ಬಿಗಿಯುವ ಕ್ರಮ

ಶಿರಾಡಿ ಘಾಟಿಯ ಏರಿನಲ್ಲಿ ಆಯಿಲ್ ಸೋರಿ ಒತ್ತಡ ಕುಸಿದರೆ ಎಂಜಿನ್ನೇ ಕೆಡಬಹುದಾದ್ದರಿಂದ, ಮಂಗಳೂರಿನಿಂದ ಘಟ್ಟ ಹತ್ತುವವರು ಫಿಲ್ಟರ್ ಬದಲಿಸುವ ಕೆಲಸವನ್ನು ಅವಸರದಲ್ಲಿ ಮುಗಿಸಬಾರದು. ಇಲ್ಲಿ ಹೇಳುತ್ತಿರುವುದು ತಿರುಗಿಸಿ ಕೂರಿಸುವ ಡಬ್ಬಿಯಾಕಾರದ ಫಿಲ್ಟರಿನ ಕ್ರಮ.

ಹಳೆಯ ಫಿಲ್ಟರನ್ನು ಬಿಚ್ಚಿದೊಡನೆ ಅದರ ರಬ್ಬರ್ ವಾಷರ್ ಜೊತೆಯಲ್ಲೇ ಬಂದಿದೆಯೇ ಎಂದು ನೋಡಬೇಕು. ಎಂಜಿನ್ನಿಗೆ ಅಂಟಿಕೊಂಡೇ ಉಳಿದ ಹಳೆಯ ವಾಷರಿನ ಮೇಲೆ ಹೊಸ ಫಿಲ್ಟರ್ ಕೂತರೆ, ಎಷ್ಟೇ ಬಿಗಿದರೂ ಎಂಜಿನ್ ಓಡುವಾಗಿನ ಒತ್ತಡಕ್ಕೆ ಎರಡು ವಾಷರುಗಳ ನಡುವಿನಿಂದ ಆಯಿಲ್ ಚಿಮ್ಮಬಹುದು; ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಅತಿ ಮುಖ್ಯ ಪರಿಶೀಲನೆ ಇದೇ. ಕೂರುವ ಜಾಗವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಮಳೆಗಾಲದಲ್ಲಿ ಅಂಗಳದಲ್ಲಿ ಕೆಲಸ ಮಾಡುವವರು ಅಲ್ಲಿ ನೀರಿನ ಹನಿಯೂ ಉಳಿಯದಂತೆ ಎಚ್ಚರ ವಹಿಸಬೇಕು.

ಹೊಸ ವಾಷರಿಗೆ ಬೆರಳಿನಿಂದ ತೆಳ್ಳಗೆ ಹೊಸ ಆಯಿಲ್ ಸವರಿ, ಥ್ರೆಡ್ ಓರೆಯಾಗದಂತೆ ಕೈಯಿಂದಲೇ ತಿರುಗಿಸಬೇಕು. ವಾಷರ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು. ಫಿಲ್ಟರಿನ ಮೇಲೆ ಬೇರೆ ಅಳತೆ ಮುದ್ರಿಸಿದ್ದರೆ ಅದನ್ನೇ ಪಾಲಿಸಬೇಕು. ಪಾನೆಯನ್ನು ಬಿಚ್ಚುವುದಕ್ಕೆ ಮಾತ್ರ ಬಳಸುವುದು ಒಳ್ಳೆಯದು, ಏಕೆಂದರೆ ಅದರಿಂದ ಅತಿಯಾಗಿ ಬಿಗಿದರೆ ವಾಷರ್ ಕೆಡುವುದಲ್ಲದೆ ಮುಂದಿನ ಸಲ ಫಿಲ್ಟರ್ ಬಿಚ್ಚುವುದೂ ಕಷ್ಟವಾಗುತ್ತದೆ.

ಆಯಿಲ್ ತುಂಬಿದ ಬಳಿಕ ಎಂಜಿನ್ ಚಾಲೂ ಮಾಡಿ, ಡ್ಯಾಶ್‌ಬೋರ್ಡಿನಲ್ಲಿರುವ ಆಯಿಲ್ ಒತ್ತಡದ ಎಚ್ಚರಿಕೆ ದೀಪ ಆರಿದ್ದನ್ನು ಖಚಿತಪಡಿಸಿಕೊಂಡು, ಕೆಲವು ನಿಮಿಷ ಫಿಲ್ಟರಿನ ಸುತ್ತ ಟಾರ್ಚ್ ಹಿಡಿದು ಸೋರಿಕೆಯನ್ನು ಗಮನಿಸಬೇಕು. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಿನ ನಂತರ ಆಯಿಲ್ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡಿ ಕೊರತೆಯಷ್ಟು ಆಯಿಲ್ ಸೇರಿಸಬೇಕು. ಹಳೆಯ ಆಯಿಲನ್ನು ದಯವಿಟ್ಟು ತೋಡಿಗೆ ಸುರಿಯದೆ, ಅದನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ನಮ್ಮ ತೋಡುಗಳ ನೀರು ಕೊನೆಗೆ ನದಿಯನ್ನೂ ಕಡಲನ್ನೂ ಸೇರುತ್ತದೆ.