ಮುಟ್ಟು ಬರಿಸೋ ಸೂಜಿ ಹಾಕದೇ ಪ್ರಾಕ್ಟೀಸ್ ಮಾಡಿದ್ದು – ನನ್ನ ಅನುಭವ

ಎಂಬತ್ತರ ದಶಕದಲ್ಲಿ ತಾಲೂಕು ಊರಲ್ಲಿ ಹೆರಿಗೆ ಡಾಕ್ಟರಾಗಿದ್ದೆ. "ಡಾಕ್ಟ್ರಮ್ಮಾ, ಮುಟ್ಟು ನಿಂತಿದೆ, ಆ ಸೂಜಿ ಹಾಕ್ಬಿಡಿ" ಅಂತ ಕೇಳ್ಕೊಂಡು ಬರೋರು ಎಷ್ಟೋ ಜನ. ಆ ಸೂಜಿ ಅಂದ್ರೆ ಇ.ಪಿ., ಈಸ್ಟ್ರೋಜನ್ನು ಪ್ರೊಜೆಸ್ಟರಾನು ಅನ್ನೋ ಹೆಣ್ಣಿನ ಹಾರ್ಮೋನ್ ಎರಡನ್ನೂ ದೊಡ್ಡ ಡೋಸಲ್ಲಿ ಸೇರಿಸಿದ್ದು, ಮಾತ್ರೆನೂ ಇತ್ತು. ಈಗಿನ ಡಾಕ್ಟರುಗಳಲ್ಲಿ ಎಷ್ಟೋ ಜನಕ್ಕೆ ಇದರ ಹೆಸರೇ ಗೊತ್ತಿಲ್ಲ, ಅದಕ್ಕೇ ಬರೀತಿದೀನಿ.

ಬಸುರಿಲ್ಲದೇ ಇದ್ರೆ ಈ ಸೂಜಿಯಿಂದ ಹಾರ್ಮೋನ್ ಏರಿ ಇಳಿದಾಗ ಗರ್ಭಕೋಶದ ಒಳಪದರ ಕಳಚಿ ಕೆಲವು ದಿನದಲ್ಲಿ ಸ್ರಾವ ಆಗುತ್ತೆ. ಬಸುರಿದ್ರೆ ಸ್ರಾವ ಆಗಲ್ಲ. ಇಷ್ಟನ್ನೇ ಬಸುರಿನ ಪರೀಕ್ಷೆ ಅಂತಿದ್ರು, ಆದ್ರೆ ಜನ ನಂಬಿದ್ದು ಇದು ಬಸುರು ಇಳಿಸುತ್ತೆ ಅಂತ, ಹಾಗಾಗಿ ಸ್ರಾವ ಆಗದೇ ಇದ್ದೋಳು ಇನ್ನೊಬ್ಬರ ಹತ್ರ ಹೋಗಿ ಇನ್ನೊಂದು ಸೂಜಿ ಹಾಕಿಸ್ಕೊಳ್ಳೋಳು, ಅದೂ ಮಗುವಿನ ಹೃದಯ, ಬೆನ್ನುಹುರಿ ಎಲ್ಲ ರೂಪುಗೊಳ್ಳೋ ವಾರಗಳಲ್ಲೇ! ಇಂಗ್ಲೆಂಡಿನ ಡಾಕ್ಟರ್ ಇಸಬೆಲ್ ಗಾಲ್ 1967ರಲ್ಲೇ ಈ ಥರದ ಹಾರ್ಮೋನ್ ಟೆಸ್ಟ್ ಬಗ್ಗೆ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಅನುಮಾನ ಎತ್ತಿದ್ರು. ಮಗುವಿನ ಹುಟ್ಟುದೋಷಕ್ಕೆ ಇದೇ ಕಾರಣವಾ ಅನ್ನೋ ವಾದ ಮುಗಿದಿಲ್ಲ, ನಿಜ. ಬೇರೆ ದಾರಿ ಇದ್ದಾಗ ನನಗೆ ಆ ಅನುಮಾನವೇ ಸಾಕಾಗಿತ್ತು.

ನಾನು ಮಾಡ್ತಿದ್ದದ್ದು ಇಷ್ಟು. ಮೊದಲು ಕೂರಿಸಿ ಕೊನೇ ಮುಟ್ಟು ಯಾವಾಗ ಅಂತ ಕೇಳೋದು, ತಾರೀಖು ನೆನಪಿರಲ್ಲ, ಹಬ್ಬನೋ ಜಾತ್ರೆನೋ ಅಮಾಸೆನೋ ಹಿಡ್ಕೊಂಡು ಲೆಕ್ಕ ಹಾಕಬೇಕು. ಬೆಳಗಿನ ಮೊದಲ ಮೂತ್ರ ತರಿಸಿ ಸ್ಲೈಡ್ ಟೆಸ್ಟ್, ಅಂದ್ರೆ ಗಾಜಿನ ಪಟ್ಟಿ ಮೇಲೆ ಮಾಡೋ ಬಸುರಿನ ಪರೀಕ್ಷೆ. ಆಗಿನ ಟೆಸ್ಟು ಮುಟ್ಟು ತಪ್ಪಿ ಎರಡು ವಾರ ಆಗದೇ ನಂಬೋ ಹಾಗಿರಲಿಲ್ಲ, ಅದಕ್ಕೆ ಕಾಯೋಕೆ ಹೇಳ್ತಿದ್ದೆ, ಇದೇ ಕಷ್ಟದ ಕೆಲಸ, ಯಾಕಂದ್ರೆ ಬಸ್ ಚಾರ್ಜ್ ಹಾಕ್ಕೊಂಡು ಬಂದೋರಿಗೆ ಬರಿಗೈಲಿ ಹೋಗೋದು ಅಂದ್ರೆ ಡಾಕ್ಟರು ಏನೂ ಮಾಡಲಿಲ್ಲ ಅಂತಲೇ ಅರ್ಥ. ಗಂಡನೋ ಅತ್ತೆನೋ ಬಂದಿದ್ರೆ ಅವರನ್ನೂ ಒಳಗೆ ಕರೆದು, ಈ ಸೂಜಿಯಿಂದ ಬಸುರು ಹೋಗಲ್ಲ, ಉಳಿದ್ರೆ ಮಗುಗೆ ಅಪಾಯ ಆಗಬಹುದು ಅಂತ ಹೇಳ್ತಿದ್ದೆ. ಬಸುರು ಬೇಡ ಅನ್ನೋಳಿಗೆ 1971ರ ಗರ್ಭಪಾತ ಕಾಯ್ದೆ ಪ್ರಕಾರ ಆಸ್ಪತ್ರೇಲೇ ತೆಗೆಸ್ಕೋಬಹುದು ಅಂತ ಮಾತ್ರ ಒಬ್ಬಳನ್ನೇ ಕೂರಿಸ್ಕೊಂಡು ಹೇಳೋದು. ತುಂಬಾ ಜನಕ್ಕೆ ಅದು ಕಾನೂನುಬದ್ಧ ಅಂತಲೇ ಗೊತ್ತಿರಲಿಲ್ಲ.

ಈ ಔಷಧಿ ನಿಲ್ಲಿಸಿ ಅಂತ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ್ರು, ಸರ್ಕಾರ ನಿಷೇಧಿಸೋಕೆ ಹೊರಟಾಗ ಔಷಧಿ ಕಂಪನಿಗಳು ಕೋರ್ಟಿಂದ ತಡೆ ತಂದ್ವು, 1987ರಲ್ಲಿ ಸಾರ್ವಜನಿಕ ವಿಚಾರಣೆ ಆಯ್ತು, 1988ರಲ್ಲಿ ಹೈ ಡೋಸ್ ಇ.ಪಿ. ನಿಷೇಧ ಆಯ್ತು. ಆ ಹೆಣ್ಮಕ್ಕಳ ಋಣ ನಮ್ಮ ಮೇಲೆ ದೊಡ್ಡದು.

ಈಗ ಆಶಾ ಕಾರ್ಯಕರ್ತೆ ಹತ್ರನೇ ಬಸುರು ಪರೀಕ್ಷೆ ಮಾಡೋ ನಿಶ್ಚಯ್ ಕಿಟ್ ಸಿಗುತ್ತೆ, ಐದು ನಿಮಿಷದ ಕೆಲಸ. ಆದ್ರೂ ಮುಟ್ಟು ತಡವಾದ್ರೆ ಸೀದಾ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ಕೇಳೋರಿದಾರೆ. ಮೊದಲು ಈ ಕಿಟ್ಟಿನ ಕಾರ್ಡ್ ಟೆಸ್ಟ್ ಮಾಡ್ಕೊಳ್ಳಿ, ನೆಗೆಟಿವ್ ಬಂದ್ರೆ ವಾರ ಬಿಟ್ಟು ಮತ್ತೆ ಮಾಡಿ, ಆಮೇಲೂ ಮುಟ್ಟು ಬರದಿದ್ರೆ ಡಾಕ್ಟರಿಗೆ ತೋರಿಸಿ, ಥೈರಾಯ್ಡೋ, ಪಿಸಿಓಡಿನೋ (ಅಂಡಾಶಯದ ಹಾರ್ಮೋನ್ ಏರುಪೇರು) ಇರಬಹುದು.