ಕೆಟ್ಟಿದ್ದು ರಾಡ್ ಅಲ್ಲ, ಜಾಯಿಂಟ್

ತೀರ್ಥಹಳ್ಳಿ ಕಡೆ ನಮ್ಮ ಮನೆ. ಮಳೆಗಾಲದಲ್ಲಿ ಸೌದೆ ಒದ್ದೆ, ಹಾಗಾಗಿ ಬಚ್ಚಲಲ್ಲಿ ನೀರು ಕಾಯಿಸೋಕೆ 1500 ವ್ಯಾಟಿನ ಕರೆಂಟ್ ರಾಡ್. ಈ ಸಲ ನೀರು ಬೇಗ ಕಾಯುತ್ತಿರಲಿಲ್ಲ.

ರಾಡ್ ಹಾಕಿಟ್ಟೇ ಅಳೆದೆ. ಪ್ಲಗ್‌ನಲ್ಲಿ 200 ವೋಲ್ಟ್. ಒಂದೇ ವೈರಿಗೆ ಕ್ಲಾಂಪ್ ಮೀಟರ್ (ವೈರನ್ನು ಸುತ್ತಿ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿದರೆ 5.7 ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರಾಡಿನ ರೋಧ 35 ಓಮ್. 230 ವೋಲ್ಟಿಗೆ 1500 ವ್ಯಾಟ್ ಅಂದರೂ ಅಷ್ಟೇ ಬರುತ್ತೆ, ಅಲ್ವಾ? ರಾಡ್ ಸರಿಯಿದೆ. ಆದರೆ ಅವೆರಡನ್ನೂ (200 ಮತ್ತು 5.7) ಗುಣಿಸಿದರೆ ಸಿಗುತ್ತಿದ್ದದ್ದು 1140 ವ್ಯಾಟ್ ಮಾತ್ರ.

ಅದೇ ಹೊತ್ತಿಗೆ ಮೇನ್ ಬೋರ್ಡಿನಲ್ಲಿ 225 ವೋಲ್ಟ್. ನಡುವೆ 25 ವೋಲ್ಟ್ ಮಾಯ! ಅದನ್ನು 5.7ರಿಂದ ಗುಣಿಸಿದರೆ ಸುಮಾರು 142 ವ್ಯಾಟ್, ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ನಿಜಕ್ಕೂ ಭಯವಾಯಿತು.

ಮೇನ್ ಆಫ್ ಮಾಡಿ ಹುಡುಕಿದೆ. ಸೂರಿನಡಿ ವೈರಿಗೆ ವೈರು ಸೇರಿಸಿದ ಒಂದು ಜಾಯಿಂಟ್. ಟೇಪ್ ಕರಗಿತ್ತು, ತಾಮ್ರ ಕಪ್ಪಾಗಿತ್ತು. ಅದನ್ನು ಕತ್ತರಿಸಿ ಬಿಗಿಯಾದ ಕನೆಕ್ಟರ್ ಹಾಕಿದೆ. ಈಗ ಬಚ್ಚಲಲ್ಲಿ 222 ವೋಲ್ಟ್, 6.3 ಆಂಪಿಯರ್.