‘ಆಗುವುದಿಲ್ಲ’ ಬೇರೆ, ‘ಬೇಡ’ ಬೇರೆ: ಪಾಳಿಪಟ್ಟಿಯ ಜಗಳ ಬಿಡಿಸಿದ ನನ್ನ ಅನುಭವ

ಪಾಳಿಯ ವಿಷಯಕ್ಕಾಗಿ ಯಾರಾದರೂ ನಮ್ಮ ಮ್ಯಾನೇಜರ್ ಕೋಣೆಯ ಬಾಗಿಲು ತಟ್ಟಿ 11 ತಿಂಗಳಾಯಿತು. ಅದಕ್ಕೂ ಮುಂಚೆ ವಾರಕ್ಕೆ ಮೂರು ನಾಲ್ಕು ಪಂಚಾಯಿತಿ ಖಚಿತವಾಗಿ ನಡೆಯುತ್ತಿದ್ದವು. ಯಾವ ಹೊತ್ತಿಗೆ ಬರಲಾಗುವುದಿಲ್ಲ, ಯಾವ ಹೊತ್ತು ಬೇಡ ಎಂಬುದನ್ನು ಹಾಳೆಯಲ್ಲಿ ಬರೆಸಿಕೊಂಡು ಪಾಳಿ ಹಾಕುವ ಪದ್ಧತಿಯನ್ನು ನಾನು ಶುರು ಮಾಡಿದಾಗ ‘ಇನ್ನೊಂದು ಕಾಗದ, ಇನ್ನೊಂದು ತಲೆನೋವು’ ಎಂದ ಸೂಪರ್‌ವೈಸರ್‌ಗಳೇ ಈಗ ನನ್ನ ಹಾಳೆಯ ನಕಲು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಎನಿಸಿತು. ಪಾಳಿ ಹಾಕಿ ಕೈ ಪಳಗಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡುವುದು, ವಾರದ ರಜೆಯನ್ನು ಸರದಿಯಲ್ಲಿ ಹಂಚುವುದು ಇವೆಲ್ಲ ನಿಮಗೆ ಗೊತ್ತಿರುವುದೇ.

ನಮ್ಮ ಮಳಿಗೆಯಲ್ಲಿ ಒಟ್ಟು 34 ಜನ. ಬಿಲ್ಲಿಂಗ್‌ನಲ್ಲಿ 9, ಗ್ರಾಹಕರು ಓಡಾಡುವ ಫ್ಲೋರ್‌ನಲ್ಲಿ 18, ದಾಸ್ತಾನು ಕೋಣೆಯಲ್ಲಿ 7. ಮೂರರಲ್ಲಿ ಒಂದು ಪಾಲು ಅರೆಕಾಲಿಕರು. ಅವರಲ್ಲಿ ಓದುತ್ತಿರುವವರಿದ್ದಾರೆ, ಚಿಕ್ಕ ಮಕ್ಕಳ ತಾಯಂದಿರಿದ್ದಾರೆ, ಇನ್ನೊಂದು ಕಡೆಯೂ ದುಡಿಯುವವರಿದ್ದಾರೆ. ಜಗಳದ ಮೂಲ ಕೆಲಸಕ್ಕೆ ಸೇರುವ ದಿನದ ಅರ್ಜಿಯಲ್ಲೇ ಇತ್ತು. ‘ಯಾವ ವೇಳೆಯಲ್ಲಿ ಬರಬಲ್ಲಿರಿ?’ ಎಂದು ಒಂದೇ ಒಂದು ಸಾಲು. ಕೆಲಸ ಕೈತಪ್ಪೀತೆಂಬ ಭಯದಲ್ಲಿ ಎಲ್ಲರೂ ಅಲ್ಲಿ ‘ಯಾವಾಗ ಬೇಕಾದರೂ’ ಎಂದು ಬರೆಯುತ್ತಾರೆ. ಮೂರು ತಿಂಗಳಿಗೆ ನಿಜ ಹೊರಬೀಳುತ್ತದೆ. ಆಗ ಮ್ಯಾನೇಜರ್ ಅರ್ಜಿ ತೆಗೆದು ‘ನೀವೇ ಬರೆದಿದ್ದೀರಲ್ಲ’ ಎನ್ನುತ್ತಾರೆ.

ನನ್ನ ಕಣ್ಣು ತೆರೆಸಿದ್ದು ಬಿಲ್ಲಿಂಗ್‌ನ ಒಬ್ಬ ಹುಡುಗಿಯ ಪ್ರಕರಣ. ನಮ್ಮಲ್ಲಿ ಅವಳಷ್ಟು ಚುರುಕಾಗಿ ಬಿಲ್ ಹಾಕುವವರು ಇನ್ನೊಬ್ಬರಿರಲಿಲ್ಲ. ಸಂಜೆ ತರಗತಿಗೆ ಸೇರಿದ್ದಳು. ಆದರೂ ವಾರದಲ್ಲಿ ಮೂರು ಸಂಜೆ ಅವಳ ಹೆಸರೇ ಬೀಳುತ್ತಿತ್ತು. ಒಂದು ದಿನ ಕ್ಯಾಶ್ ಕೋಣೆಗೆ ಕರೆಸಿದರು. ಮ್ಯಾನೇಜರ್ ಫೈಲಿನಿಂದ ಹಳೆಯ ಅರ್ಜಿ ತೆಗೆದರು. ಅವಳು ಬ್ಯಾಗಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದಳು. ಮಡಿಕೆಗಳು ಸವೆದು ಹರಿಯುವಂತಾಗಿದ್ದವು. ಅದರಲ್ಲಿ ‘ಇನ್ನು ಮುಂದೆ ಸಂಜೆ 5ರ ನಂತರ ಬರಲಾಗುವುದಿಲ್ಲ’ ಎಂದು ಬರೆದಿತ್ತು, ಕೆಳಗೆ ತಾರೀಖು, ನನಗಿಂತ ಮುಂಚೆ ಇದ್ದ ಸೂಪರ್‌ವೈಸರ್‌ನ ಸಹಿ. ಫೈಲಿನಲ್ಲಿ ಅದರ ನಕಲೇ ಇರಲಿಲ್ಲ. ಎಡಗೈಯಲ್ಲಿ ಒಂದು ಕಾಗದ, ಬಲಗೈಯಲ್ಲಿ ಇನ್ನೊಂದು ಹಿಡಿದು ಮ್ಯಾನೇಜರ್ ಸುಮಾರು ಹೊತ್ತು ಸುಮ್ಮನೆ ನಿಂತರು. ‘ಸರ್, ನಾನು ಸುಳ್ಳು ಹೇಳಲಿಲ್ಲ’ ಎಂದಷ್ಟೇ ಹೇಳಿ ಅವಳು ಕೌಂಟರಿಗೆ ಮರಳಿದಳು. ತಿಂಗಳ ಕೊನೆಗೆ ಕೆಲಸ ಬಿಟ್ಟಳು. ಆ ಜಾಗಕ್ಕೆ ಬಂದ ಹೊಸಬರ ಕೈ ಕೌಂಟರಿಗೆ ಒಗ್ಗಲು ಮೂರು ವಾರ ಬೇಕಾಯಿತು, ಅಷ್ಟು ದಿನ ಪಕ್ಕದಲ್ಲಿ ಒಬ್ಬ ಹಿರಿಯರನ್ನು ನಿಲ್ಲಿಸಬೇಕಾಯಿತು. ಎಲ್ಲ ಸೇರಿಸಿದರೆ ಒಬ್ಬರ ಒಂದೂವರೆ ತಿಂಗಳ ಸಂಬಳ ಹೋಯಿತು. ಆ ವರ್ಷ ಹೀಗೆ ಹೋದವರು ಅವಳೊಬ್ಬಳೇ ಅಲ್ಲ.

ಸರಿಯಾದ ದಾರಿ ಸಿಗುವ ಮುಂಚೆ ಸಾಕಷ್ಟು ಎಡವಿದೆ. ಮೊದಲು ಹಿರಿತನದ ಮೇಲೆ ಪಾಳಿ ಕೊಟ್ಟೆ. ಹಳಬರೆಲ್ಲ ಬೆಳಗಿನ ಪಾಳಿ ಹಿಡಿದರು. ಶನಿವಾರ, ಭಾನುವಾರದ ರಾತ್ರಿ ಅಂಗಡಿ ಮುಚ್ಚುವ ಪಾಳಿ ಹೊಸಬರ ತಲೆಗೆ ಬಂತು. ಆರು ತಿಂಗಳಲ್ಲಿ 8 ಹೊಸಬರಲ್ಲಿ 5 ಜನ ಹೋದರು. ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಪಾಳಿ ಬದಲಾವಣೆ. ರಾತ್ರಿ ಹತ್ತು ಗಂಟೆಗೆ ‘ನಾಳೆ ನನ್ನ ಬದಲು ಯಾರು ಬರುತ್ತೀರಿ?’ ಎಂಬ ಸಂದೇಶ, ಅದಕ್ಕೆ ನಾಲ್ಕು ಹೆಬ್ಬೆರಳು. ಹೆಬ್ಬೆರಳೆಂದರೆ ಒಪ್ಪಿಗೆಯೋ, ನೋಡಿದೆ ಎಂದೋ? ಒಂದು ಶನಿವಾರ ಸಂಜೆ ಒಂದೇ ಪಾಳಿಗೆ ಇಬ್ಬರು ಬಂದರು, ಇನ್ನೊಂದಕ್ಕೆ ಯಾರೂ ಬರಲಿಲ್ಲ. ಒಂದು ಕೌಂಟರ್ ಮುಚ್ಚಿ, ಗ್ರಾಹಕರ ಸಾಲು ಟ್ರಯಲ್ ರೂಮಿನವರೆಗೆ ಬೆಳೆಯಿತು. ಅದಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆ. ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂರುವವರಿಗೆ ಹೆಚ್ಚು ಗಂಟೆ ಸಿಗುತ್ತಿತ್ತು, ಮಗುವನ್ನು ಮಲಗಿಸಿ ತಾವೂ ಮಲಗಿದವರ ಸಂಬಳ ಕಡಿಮೆಯಾಗುತ್ತಿತ್ತು.

ಮೂರನೆಯದು ಆ್ಯಪ್. ಫ್ಲೋರ್‌ನ ಒಬ್ಬರ ಎರಡು ತಿಂಗಳ ಸಂಬಳದಷ್ಟು ಹಣವನ್ನು ವರ್ಷದ ಚಂದಾ ಎಂದು ಮುಂಗಡವಾಗಿ ಕಟ್ಟಿದೆವು. ಪಟ್ಟಿ ಬಣ್ಣಬಣ್ಣವಾಗಿ ಬಂತು. ಆದರೆ ಅದಕ್ಕೆ ಕೊಟ್ಟದ್ದು ಅದೇ ಹಳೆಯ ‘ಯಾವಾಗ ಬೇಕಾದರೂ’. ಬೇವು ಬಿತ್ತಿ ಮಾವು ಕೊಯ್ಯಲಾದೀತೇ? ನಾಲ್ಕನೇ ತಿಂಗಳಿಗೆ ಅದನ್ನು ತೆರೆಯುವುದನ್ನೇ ಬಿಟ್ಟೆವು, ಹಣ ಹಿಂದಿರುಗಲಿಲ್ಲ. ನಡುವೆ ಒಂದು ತಿಂಗಳು ‘ಬರಲಾಗುವುದಿಲ್ಲ’ ಎನ್ನುವ ಪ್ರತಿಯೊಬ್ಬರಿಂದಲೂ ದಾಖಲೆ ಕೇಳಿದೆ. ಫ್ಲೋರ್‌ನ ಅಕ್ಕ ಒಬ್ಬರು ಅತ್ತೆಯ ಆಸ್ಪತ್ರೆ ಚೀಟಿಗಳ ಕಟ್ಟನ್ನೇ ತಂದು ಎಲ್ಲರೆದುರು ನನ್ನ ಮೇಜಿನ ಮೇಲಿಟ್ಟರು. ಅವತ್ತೇ ಅದನ್ನು ನಿಲ್ಲಿಸಿದೆ. ಅಂದಿನಿಂದ ಯಾರ ಮನೆಯ ಕಾರಣವನ್ನೂ ಕೇಳಿಲ್ಲ.

ಆ ಚೀಟಿಗಳನ್ನು ಹಿಂದಿರುಗಿಸುವಾಗ ಒಂದು ವಿಷಯ ಹೊಳೆಯಿತು. ಅವರಿಗೆ ಮಂಗಳವಾರ, ಗುರುವಾರ ಬರಲು ನಿಜವಾಗಿಯೂ ಆಗುವುದಿಲ್ಲ. ಭಾನುವಾರ ಬರಲು ಆಗುತ್ತದೆ, ಮನಸ್ಸಿಲ್ಲ ಅಷ್ಟೆ. ನಮ್ಮ ಅರ್ಜಿಯಲ್ಲಿ ಈ ಎರಡಕ್ಕೂ ಇದ್ದದ್ದು ಒಂದೇ ಜಾಗ. ಹಾಗಾಗಿ ಜನ ‘ಬೇಡ’ವನ್ನೂ ‘ಆಗುವುದಿಲ್ಲ’ ಎಂದೇ ಹೇಳುತ್ತಿದ್ದರು, ನಾವು ‘ಆಗುವುದಿಲ್ಲ’ವನ್ನೂ ‘ಬೇಡ’ ಎಂದೇ ತಿಳಿಯುತ್ತಿದ್ದೆವು.

ಹೊಸ ಹಾಳೆ ಮಾಡಿದೆ. ವಾರದ ಏಳು ದಿನ, ಪ್ರತಿ ದಿನಕ್ಕೂ ಎರಡೆರಡು ಗಂಟೆಯ ಮನೆಗಳು. ಆಗದ ಮನೆಗೆ ಕತ್ತರಿ ಗುರುತು, ಆಗುತ್ತದೆ ಆದರೆ ಬೇಡ ಎನ್ನುವ ಮನೆಗೆ ಸೊನ್ನೆ, ಉಳಿದವು ಖಾಲಿ. ಕತ್ತರಿ ಹಾಕಿದ ಮನೆಗೆ ಪಾಳಿ ಹಾಕುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಆದರೆ ಕತ್ತರಿಗೆ ಬೆಲೆಯಿದೆ: ವಾರಕ್ಕೆ ಎಷ್ಟು ಗಂಟೆ ಕೆಲಸ ಬೇಕೋ ಅದರ ಸುಮಾರು ಒಂದೂವರೆ ಪಟ್ಟು ಗಂಟೆಗಳಿಗೆ ಕತ್ತರಿ ಬೀಳಬಾರದು. 30 ಗಂಟೆಯ ಕೆಲಸ ಬೇಕೆಂದರೆ 45 ಗಂಟೆ ತೆರೆದಿರಬೇಕು. ಅಷ್ಟಿಲ್ಲದಿದ್ದರೆ ಪಾಳಿ ಕಡಿಮೆ ಸಿಗುತ್ತದೆ, ಎಷ್ಟು ಕಡಿಮೆ ಎಂಬುದನ್ನು ಸಹಿ ಮಾಡುವ ಮುಂಚೆ ಅವರೆದುರೇ ಎಣಿಸಿ ತೋರಿಸುತ್ತೇನೆ. ಮೊದಲ ತಿಂಗಳು ಹಾಳೆ ತುಂಬಾ ಕತ್ತರಿ ಹಾಕಿ ತಂದವರಲ್ಲಿ ಹೆಚ್ಚಿನವರು ಲೆಕ್ಕ ನೋಡಿದ ಮೇಲೆ ತಾವಾಗಿಯೇ ಅರ್ಧದಷ್ಟನ್ನು ಸೊನ್ನೆ ಮಾಡಿಕೊಂಡರು. ನಾನು ಒಂದು ಮಾತೂ ಒತ್ತಾಯ ಮಾಡಲಿಲ್ಲ.

ಸೊನ್ನೆಯ ಮನೆಗೆ ಪಾಳಿ ಬಿದ್ದರೆ ಅವರ ಖಾತೆಗೆ ಅಂಕ ಸೇರುತ್ತದೆ. ಹೆಚ್ಚು ಅಂಕ ಇದ್ದವರಿಗೆ ಮುಂದಿನ ತಿಂಗಳು ಮೊದಲ ಆಯ್ಕೆ. ಯಾವ ಮನೆಗೆ ಎಷ್ಟು ಅಂಕ ಎಂಬ ಪಟ್ಟಿಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ಅದನ್ನು ತಿದ್ದಿ ತಿದ್ದಿ ಹದಕ್ಕೆ ತರಲು ನನಗೆ ಎಂಟು ತಿಂಗಳು ಹಿಡಿಯಿತು, ನಿಮ್ಮ ಮಳಿಗೆಯ ಜನಸಂದಣಿಗೆ ಅದು ಹೊಂದುವುದೂ ಇಲ್ಲ. ಎಲ್ಲ ಸೊನ್ನೆಗೂ ಸಮ ಅಂಕ ಕೊಟ್ಟರೆ ಕೆಡುತ್ತದೆ ಎಂಬಷ್ಟು ಹೇಳಬಲ್ಲೆ. ಹಾಳೆಗೆ ಎರಡು ಪ್ರತಿ, ಎರಡಕ್ಕೂ ತಾರೀಖು, ಎರಡಕ್ಕೂ ಇಬ್ಬರ ಸಹಿ. ಒಂದು ಫೈಲಿಗೆ, ಒಂದು ಅವರ ಕೈಗೆ. ಬದಲಾಯಿಸಬೇಕಿದ್ದರೆ 14 ದಿನ ಮುಂಚೆ ಹೊಸ ಹಾಳೆ. ಹಳೆಯದನ್ನು ಎಸೆಯುವುದಿಲ್ಲ. ಆ ಹುಡುಗಿಯ ಮಡಿಕೆಯ ಕಾಗದ ನನಗೆ ಕಲಿಸಿದ್ದು ಇದು.

ಕೆಲಸಗಾರರು ಮಾತ್ರ ಹಾಳೆ ತುಂಬಿದರೆ ಸಾಲದು, ಅಂಗಡಿಯೂ ತುಂಬಬೇಕು. ಬಿಲ್ಲಿಂಗ್ ಯಂತ್ರದಿಂದ ಆರು ವಾರಗಳ ಬಿಲ್‌ಗಳನ್ನು ಗಂಟೆಗಂಟೆಗೆ ಬೇರ್ಪಡಿಸಿ ಎಣಿಸಿದೆ. ಮಂಗಳವಾರ ಬೆಳಿಗ್ಗೆ ಇಬ್ಬರು ಸಾಕಾಗುವಲ್ಲಿ ನಾಲ್ವರನ್ನು ನಿಲ್ಲಿಸುತ್ತಿದ್ದೆವು. ವಾರದ ದಿನಗಳ ಸಂಜೆ 6ರಿಂದ 8ರವರೆಗೆ ಒಬ್ಬರು ಯಾವಾಗಲೂ ಕಡಿಮೆ. ಜಗಳವಾಡಿ ತುಂಬುತ್ತಿದ್ದ ಎಷ್ಟೋ ಪಾಳಿಗಳು ಬೇಕಾಗಿಯೇ ಇರಲಿಲ್ಲ! ಆ ಸಂಜೆಗಾಗಿ ನಾಲ್ಕು ಗಂಟೆಯ ಚಿಕ್ಕ ಪಾಳಿ ಮಾಡಿ ನೋಡಿದೆ. ಹತ್ತಿರದ ವಿದ್ಯಾರ್ಥಿಗಳು ಒಪ್ಪಿದರು, ದೂರದವರು ‘ಬಂದು ಹೋಗುವುದಕ್ಕೇ ಎರಡು ಗಂಟೆ ಹೋದರೆ ಉಳಿಯುವುದೇನು?’ ಎಂದರು. ಪಾಳಿಯನ್ನು ಐದು ಗಂಟೆಯದಾಗಿ ಏರಿಸಿದ ಮೇಲೆ ಅದು ನೆಲೆನಿಂತಿತು. ರಿಯಾಯಿತಿ ವಾರದ ರಜೆಗಳನ್ನು ಅಂಕಗಳಿಂದ ಹರಾಜು ಹಾಕಿದ್ದು ಮಾತ್ರ ಕೆಟ್ಟ ಪ್ರಯೋಗ. ವರ್ಷವಿಡೀ ಅಂಕ ಕೂಡಿಟ್ಟ ಒಬ್ಬರೇ ಮೂರು ದಿನವನ್ನೂ ಬಾಚಿಕೊಂಡರು. ಉಳಿದವರು ಎರಡು ವಾರ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಈಗ ಆ ವಾರದಲ್ಲಿ ಒಬ್ಬರಿಗೆ ಒಂದೇ ದಿನ.

ರಾತ್ರಿ ಮುಚ್ಚಿದವರೇ ಬೆಳಿಗ್ಗೆ ತೆರೆಯುವುದನ್ನು ನಿಲ್ಲಿಸಲು ಹೆಚ್ಚು ಹೋರಾಡಬೇಕಾಯಿತು. ಕ್ಯಾಶ್ ಲೆಕ್ಕ ಮುಗಿಸಿ ಹೊರಡುವಾಗ 11 ಗಂಟೆ, ಮತ್ತೆ ಬೆಳಿಗ್ಗೆ 8ಕ್ಕೆ ಬಾಗಿಲು. ಐರೋಪ್ಯ ಒಕ್ಕೂಟದ 2003ರ ನಿಯಮದಲ್ಲಿ ದಿನಕ್ಕೆ ಸತತ 11 ಗಂಟೆ ವಿಶ್ರಾಂತಿ ಕೊಡಬೇಕೆಂದಿದೆ ಎಂದು ಮ್ಯಾನೇಜರ್‌ಗೆ ತೋರಿಸಿದೆ. ‘ಅದು ಅಲ್ಲಿಯ ಮಾತು’ ಎಂದರು. ಆಗ ಕ್ಯಾಶ್ ವ್ಯತ್ಯಾಸದ ಪುಸ್ತಕ ತೆಗೆದೆ. ನಾಲ್ಕು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಲೆಕ್ಕ ತಪ್ಪಿತ್ತು. ಅದರಲ್ಲಿ 13 ಅಥವಾ 14 ಹಿಂದಿನ ರಾತ್ರಿ ಮುಚ್ಚಿ ಬೆಳಿಗ್ಗೆ ತೆರೆದವರ ಕೈಯಲ್ಲಿ ಆದದ್ದು. ಪುಸ್ತಕವನ್ನು ಎರಡು ಸಲ ತಿರುವಿ ನೋಡಿದರು. ಮರುದಿನದಿಂದ ನಡುವೆ 11 ಗಂಟೆಯ ಅಂತರ ಕಡ್ಡಾಯವಾಯಿತು.

ಕೊನೆಯ ತಡೆ ಮೇಲಿನವರದು. ಎರಡು ವಾರ ಮುಂಚೆ ಪಟ್ಟಿ ಹಾಕುತ್ತೇನೆ, ಹಾಕಿದ ಮೇಲೆ ಅಂಗಡಿ ಬದಲಾಯಿಸಿದರೆ ಒಂದು ಗಂಟೆಯ ಸಂಬಳ ಹೆಚ್ಚಿಗೆ ಕೊಡಬೇಕು ಎಂದೆ. ಇದು ನನ್ನ ಸ್ವಂತ ಕಲ್ಪನೆಯಲ್ಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2018ರಿಂದ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆಗಳಿಗೆ ಇಂಥದೇ ಕಾನೂನಿದೆ. ಮೊದಲು 7 ದಿನ ಮುಂಚೆ ಪಟ್ಟಿ ಕೊಡಬೇಕಿತ್ತು, 2020ರ ಜುಲೈಯಿಂದ 14 ದಿನ. ‘ವ್ಯಾಪಾರ ಏರಿಳಿಯುತ್ತದೆ, ಎರಡು ವಾರ ಮುಂಚೆ ಹೇಗೆ ಗೊತ್ತಾಗುತ್ತದೆ?’ ಎಂಬುದು ಅವರ ಪ್ರಶ್ನೆ. ಗ್ಯಾಪ್ ಬಟ್ಟೆ ಮಳಿಗೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವನ್ನು ಮುಂದಿಟ್ಟೆ. ಪಾಳಿಯನ್ನು ಸ್ಥಿರಗೊಳಿಸಿದ ಮಳಿಗೆಗಳಲ್ಲಿ ಮಾರಾಟ ಇಳಿಯಲಿಲ್ಲ, ಶೇ. 7ರಷ್ಟು ಏರಿತು. ಅರೆಮನಸ್ಸಿನಿಂದ ಎಂಟು ವಾರಗಳ ಪ್ರಯೋಗಕ್ಕೆ ಒಪ್ಪಿದರು. ಆ ಎಂಟು ವಾರದಲ್ಲಿ ದಂಡವಾಗಿ ಕೊಟ್ಟದ್ದು 19 ಗಂಟೆಯ ಸಂಬಳ. ಓವರ್‌ಟೈಮ್‌ನಲ್ಲಿ ಉಳಿದದ್ದು 70 ಗಂಟೆಗೂ ಹೆಚ್ಚು. ಆಮೇಲೆ ಪ್ರಯೋಗ ಎಂಬ ಪದವನ್ನು ಯಾರೂ ಎತ್ತಲಿಲ್ಲ. ಒಟ್ಟು ಸಂಬಳದಲ್ಲಿ ಶೇ. 9ರಷ್ಟಿದ್ದ ಓವರ್‌ಟೈಮ್ ಈಗ ಶೇ. 3ರ ಆಸುಪಾಸಿನಲ್ಲಿದೆ. ಕಳೆದ ವರ್ಷ ಪಾಳಿಯ ಕಾರಣಕ್ಕೆ ಕೆಲಸ ಬಿಟ್ಟವರು ಒಬ್ಬರೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪಾಳಿ ಬದಲಿಸಿಕೊಳ್ಳುವುದು ಈಗ ದಪ್ಪ ರಟ್ಟಿನ ಒಂದು ಪುಸ್ತಕದಲ್ಲಿ. ಕೊಡುವವರ ಸಹಿ, ತೆಗೆದುಕೊಳ್ಳುವವರ ಸಹಿ, ಹಿಂದಿನ ಸಂಜೆ 6ರೊಳಗೆ ನನ್ನ ಸಹಿ. ಮೂರೂ ಬೀಳುವವರೆಗೆ ಪಾಳಿ ಮೊದಲಿನವರದೇ. ಬಿಲ್ಲಿಂಗ್‌ನವರು ಬಿಲ್ಲಿಂಗ್‌ನವರೊಂದಿಗೆ ಮಾತ್ರ ಬದಲಿಸಿಕೊಳ್ಳಬಹುದು. ಪುಸ್ತಕವನ್ನು ಎಲ್ಲಿಡುತ್ತೇನೆ ಎಂಬುದರಲ್ಲೂ ಒಂದು ಗುಟ್ಟಿದೆ, ಅದು ನನ್ನಲ್ಲೇ ಇರಲಿ.

ದಾಸ್ತಾನು ಕೋಣೆಯ 7 ಜನರಿಗೆ ಮಾತ್ರ ಈ ಪದ್ಧತಿ ಇನ್ನೂ ಅರ್ಧವೇ ದಕ್ಕಿದೆ. ಅವರ ಹೊತ್ತು ನನ್ನ ಕೈಯಲ್ಲಿಲ್ಲ, ಸರಕಿನ ಲಾರಿಯ ಕೈಯಲ್ಲಿದೆ. ಬೆಳಿಗ್ಗೆ ಬರಬೇಕಾದ ಲಾರಿ ಸಂಜೆ ಬಂದರೆ ಕತ್ತರಿ ಹಾಕಿದವರೂ ಮುಖ ನೋಡಿ ನಿಂತುಬಿಡುತ್ತಾರೆ, ಅದನ್ನು ನೋಡುವುದು ನನಗೆ ಕಷ್ಟವಾಗುತ್ತದೆ. ಇಬ್ಬರನ್ನು ಸರದಿಯಲ್ಲಿ ಕಾಯಿಸಿ ನೋಡಿದೆ. ಕಾಯುವ ಹೊತ್ತಿಗೆ ಸಂಬಳ ಕೊಡಲು ಮೇಲಿನವರು ಒಪ್ಪಲಿಲ್ಲ, ಬಿಟ್ಟಿಯಾಗಿ ಕಾಯಿಸಲು ನಾನು ಒಪ್ಪಲಿಲ್ಲ. ಹಾಗಾಗಿ ಈಗ ಲಾರಿ ಗೇಟಿಗೆ ಬಂದ ನಿಮಿಷವನ್ನು ದಿನವೂ ಬರೆದಿಡುತ್ತಿದ್ದೇನೆ. 23 ದಿನಗಳ ಲೆಕ್ಕ ಕೈಯಲ್ಲಿದೆ; ಆರು ವಾರದ್ದು ತುಂಬಿದ ಮೇಲೆ ಅದನ್ನೂ ಹಿಡಿದು ಮೇಲಿನವರ ಕೋಣೆಗೆ ಹೋಗುತ್ತೇನೆ.